ಒಂದು ಬಿಲ್ಲಿನ ಹಿಂದೆ ಹೋದಾಗ

ಪೀಣ್ಯದ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ನಾನು ಖರೀದಿ ವಿಭಾಗ ನೋಡಿಕೊಳ್ಳುತ್ತೇನೆ. ಸಪ್ಲೈಯರ್‌ಗಳಿಗೆ ದುಡ್ಡು ಹೋಗುವುದು ಯಾವಾಗಲೂ ತಡ. ಸಣ್ಣ ಉದ್ದಿಮೆಗಳಿಗೆ ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು ಅಂತ 2006ರ ಕಾಯ್ದೆಯಲ್ಲೇ ಇದೆ. 2023-24ರ ಲೆಕ್ಕದಿಂದ ಆದಾಯ ತೆರಿಗೆಗೂ ಅದು ಗಂಟು ಬಿತ್ತು. ಗಡುವು ದಾಟಿದರೆ, ಹಣ ಕೊಟ್ಟ ವರ್ಷದಲ್ಲಷ್ಟೇ ಆ ಖರ್ಚು ತೋರಿಸಬಹುದು.

ಮೊದಲು ಮೀಟಿಂಗ್ ರೂಮಿನಲ್ಲಿ ಕೂತು ಪ್ರೊಸೆಸ್ ಚಾರ್ಟ್ ಬರೆದೆ. ಆರ್ಡರ್, ಗೇಟ್ ಎಂಟ್ರಿ, ತಪಾಸಣೆ, ಜಿಆರ್‌ಎನ್ (ಮಾಲು ಬಂದಿದೆ ಅನ್ನುವ ರಶೀದಿ), ಬಿಲ್, ಪೇಮೆಂಟ್. ಎಲ್ಲರೂ ಸರಿ ಅಂದರು. ಏನೂ ಬದಲಾಗಲಿಲ್ಲ.

ಆಮೇಲೆ ಒಂದೇ ಒಂದು ಬಿಲ್ ಹಿಡಿದು ಅದರ ಹಿಂದೆಯೇ ಹೋದೆ. ಸ್ಟೋರ್ಸಿನ ಮೇಜಿನ ಮೇಲೆ ಅದು ನಿಂತಿತು. ಅದು ಉಕ್ಕಿನ ರಾಡಿನ ಬಿಲ್. ನಮ್ಮ ಆರ್ಡರ್ ಮೀಟರಿನಲ್ಲಿ, ಬಿಲ್ ಕೆಜಿಯಲ್ಲಿ. ಸಾಫ್ಟ್‌ವೇರ್ ಒಪ್ಪುವುದಿಲ್ಲ. ಸ್ಟೋರ್ಸಿನ ಹಿರಿಯರು ಡ್ರಾಯರ್‌ನಿಂದ ಎಣ್ಣೆ ಕಲೆಯಾದ ನೋಟ್‌ಬುಕ್ ತೆಗೆದರು. ಎಂಎಂನಲ್ಲಿರುವ ರಾಡಿನ ವ್ಯಾಸವನ್ನು ಅದರಿಂದಲೇ ಗುಣಿಸಿ, 162ರಿಂದ ಭಾಗಿಸಿ, ಒಂದು ಮೀಟರಿನ ತೂಕ ಬರೆದಿಟ್ಟ ಪಟ್ಟಿ. 20 ಎಂಎಂಗೆ ಮೀಟರಿಗೆ 2.47 ಕೆಜಿ, 25 ಎಂಎಂಗೆ 3.86. ಪ್ರತಿ ಬಿಲ್ಲನ್ನೂ ಅವರು ಕೈಯಲ್ಲೇ ತಾಳೆ ನೋಡುತ್ತಿದ್ದರು. ಅವರು ರಜೆ ಹಾಕಿದರೆ ಬಿಲ್ಲುಗಳಿಗೂ ರಜೆ.

"ಮೊದಲೇ ಯಾಕೆ ಹೇಳ್ಲಿಲ್ಲ ಅಣ್ಣ?" ಅಂದೆ.

"ಯಾರೂ ಕೇಳ್ಲಿಲ್ಲ ಮೇಡಂ. ಹೇಳಿದ್ರೆ ಸ್ಟೋರ್ಸಿಂದಲೇ ಲೇಟು ಅಂತಾರೆ."

ಆ ಮಾತು ನನಗೆ ನಾಟಿತು. "ಯಾರು ತಡ ಮಾಡಿದ್ದು" ಅಂತ ಪ್ರತಿ ವಾರ ಕೇಳುತ್ತಿದ್ದವಳು ನಾನೇ ಅಲ್ವಾ? ಅವತ್ತಿನಿಂದ "ಪೇಪರ್ ಎಲ್ಲಿ ನಿಂತಿದೆ" ಅಂತ ಮಾತ್ರ ಕೇಳುತ್ತೇನೆ. ಚಾರ್ಟ್ ಬರೆಯುವುದನ್ನು ಯಾರು ಬೇಕಾದರೂ ಕಲಿಯಬಹುದು. ಕೆಲಸ ಮಾಡುವವರು ಹೆದರದೆ ನಿಜ ಹೇಳುವ ಹಾಗೆ ನಡೆದುಕೊಳ್ಳುವುದೇ ಮ್ಯಾನೇಜರ್‌ಗೆ ಕಷ್ಟದ ಪಾಠ.

ಪಟ್ಟಿಯನ್ನು ಸಾಫ್ಟ್‌ವೇರಿಗೆ ಹಾಕಿಸಲು ಎರಡೇ ದಿನ ಸಾಕಾಯಿತು. ಅಕೌಂಟ್ಸನ್ನು ಒಪ್ಪಿಸಲು ಮೂರು ವಾರ ಬೇಕಾಯಿತು. ಲೆಕ್ಕದ ತೂಕಕ್ಕೂ ಕಾಟಾದ (ತೂಕದ ಯಂತ್ರದ) ತೂಕಕ್ಕೂ ಸ್ವಲ್ಪ ವ್ಯತ್ಯಾಸ ಬಂದೇ ಬರುತ್ತದೆ. ಎಷ್ಟರವರೆಗೆ ಬಿಡಬಹುದು ಅನ್ನುವುದೇ ಜಗಳ. ಅವರು ನನ್ನ ಕೈಕೆಳಗಿನವರಲ್ಲ, ಆರ್ಡರ್ ಮಾಡಲಾಗದು. ಅವರ ಮುಖ್ಯಸ್ಥರನ್ನು ಕಾಟಾದ ಹತ್ತಿರ ಕರೆದುಕೊಂಡು ಹೋಗಿ ಐದು ಲೋಡ್ ತೂಗಿಸಿದೆವು. ಅಲ್ಲೇ ಒಪ್ಪಿದರು.

ಹೊರಗೆ ಪ್ಲೇಟಿಂಗ್‌ಗೆ (ಲೋಹದ ಲೇಪನಕ್ಕೆ) ಹೋಗುವ ಮಾಲಿನ ಚಲನ್‌ಗಳು ಇನ್ನೂ ಗೋಜಲಾಗಿವೆ. ಸೋಮವಾರದಿಂದ ಅಲ್ಲಿ ಹೋಗಿ ಕೂರುತ್ತೇನೆ.