ನಾಲ್ಕಿಂಚಿನ ಫ್ಲ್ಯಾಂಜು, ಬೋರ್ ಮಾತ್ರ ಬೇರೆ ಬೇರೆ

ಫ್ಲ್ಯಾಂಜು ಅಂದರೆ ಪೈಪಿನ ತುದಿಗೆ ಹಾಕಿ ಬೋಲ್ಟಿನಿಂದ ಜೋಡಿಸುವ ಉಕ್ಕಿನ ಬಳೆ. ಅದರ ಆರ್ಡರ್ ಹಾಳೆಯಲ್ಲಿ ‘4 ಇಂಚು, 300 ಕ್ಲಾಸ್, ವೆಲ್ಡ್ ನೆಕ್’ ಅಂತ ಮಾತ್ರ ಬರೆದಿದ್ದರೆ ನಾನು ಸಹಿ ಹಾಕುವುದಿಲ್ಲ. ಕ್ಲಾಸ್ ಅಂದರೆ ಒತ್ತಡದ ದರ್ಜೆ, ವೆಲ್ಡ್ ನೆಕ್ ಅಂದರೆ ಕತ್ತನ್ನು ಪೈಪಿನ ತುದಿಗೆ ಬೆಸೆಯುವ ಬಗೆ. ಪೈಪಿನ ಶೆಡ್ಯೂಲ್, ಅಂದರೆ ಗೋಡೆಯ ದಪ್ಪದ ನಂಬರ್, ಎಷ್ಟು ಅಂತ ಮೊದಲು ಕೇಳುತ್ತೇನೆ. ನವಿ ಮುಂಬೈ ತಲೋಜಾದ ಯಾರ್ಡ್ ಒಂದರಲ್ಲಿ ಪೈಪು, ಫ್ಲ್ಯಾಂಜು ತಪಾಸಣೆ ನನ್ನ ಕೆಲಸ. ಎಣ್ಣೆ ಬಾವಿಗಳ ಕಡೆ ಹೋಗುವ ಮಾಲೇ ಜಾಸ್ತಿ.

ಹೊಸದಾಗಿ ಸೇರಿದ ಕುಂದಾಪುರದ ಹುಡುಗ ಎರಡು ಫ್ಲ್ಯಾಂಜ್ ಪಕ್ಕಪಕ್ಕ ಇಟ್ಟು, "ಎರಡೂ ಒಂದೇ ಸೈಜು, ನಡುವಿನ ತೂತು ಯಾಕೆ ಬೇರೆ ಅಣ್ಣ?" ಅಂದ. ಕೈಗೆ ವರ್ನಿಯರ್ ಕೊಟ್ಟು ಪೈಪನ್ನೇ ಅಳೆ ಅಂದೆ. ನಾಲ್ಕಿಂಚು ಅಂತ ಹೆಸರಿರುವ ಪೈಪಿನ ಹೊರಗಿನ ಅಳತೆ ಯಾವಾಗಲೂ 114.3 ಮಿ.ಮೀ. ಗೋಡೆ ದಪ್ಪ ಮಾಡಿದರೆ ಅದು ಒಳಗಡೆಗೇ ಬೆಳೆಯಬೇಕು, ಅಲ್ವಾ? ಶೆಡ್ಯೂಲ್ 40ರಲ್ಲಿ ಗೋಡೆ 6.02, ಒಳಗೆ 102.26 ಉಳಿಯುತ್ತದೆ. 80ರಲ್ಲಿ ಗೋಡೆ 8.56, ಒಳಗೆ 97.18. 160ಕ್ಕೆ ಬಂದರೆ ಒಳಗೆ ಬರೀ 87.32. ಫ್ಲ್ಯಾಂಜಿನ ಹೊರಸುತ್ತು, ಬೋಲ್ಟ್ ತೂತುಗಳನ್ನು ಕ್ಲಾಸ್ ಹೇಳುತ್ತದೆ. ಬೋರನ್ನು, ಅಂದರೆ ನಡುವಿನ ತೂತಿನ ಅಳತೆಯನ್ನು, ಹೇಳುವುದು ಪೈಪು. ಸ್ಲಿಪ್ ಆನ್ ಅನ್ನುವ ಇನ್ನೊಂದು ಬಗೆಯ ಫ್ಲ್ಯಾಂಜಿಗೆ ಈ ತಲೆನೋವಿಲ್ಲ, ಅದು ಪೈಪಿನ ಮೇಲೆ ಹೊರಗಿಂದ ಕೂರುತ್ತದೆ.

ಗಿರಗಾಂವ್ ಕಡೆಯ ವ್ಯಾಪಾರಿಯೊಬ್ಬರು ಶೆಡ್ಯೂಲ್ 80ರ ಪೈಪಿಗೆ 40ರ ಬೋರಿನ ಫ್ಲ್ಯಾಂಜ್ ಕಳಿಸಿ, "ಸೈಜ್ ತೋ ಸೇಮ್ ಹೈ" ಅಂದಿದ್ದರು. ಎರಡನ್ನೂ ತಾಗಿಸಿಟ್ಟು ಒಳಗೆ ಬೆರಳು ಆಡಿಸಿದರೆ ಮೆಟ್ಟಿಲು ಸ್ಪಷ್ಟವಾಗಿ ಸಿಗುತ್ತದೆ, ಸುತ್ತಲೂ 2.54 ಮಿ.ಮೀ. ನಮ್ಮ ವೆಲ್ಡಿಂಗ್ ವಿಧಾನದ ಹಾಳೆಯಲ್ಲಿ ಒಪ್ಪುವುದು 1.5 ತನಕ. ರೂಟ್, ಅಂದರೆ ವೆಲ್ಡಿನ ಒಳಗಿನ ಮೊದಲ ಪದರ, ಸರಿಯಾಗಿ ಕೂರುವುದಿಲ್ಲ, ಎಣ್ಣೆ ಜೊತೆ ಮರಳು ಬಂದರೆ ಅಲ್ಲೇ ಸವೆಯುತ್ತದೆ. ಬೋರ್ ಚಿಕ್ಕದಿದ್ದರೆ ಲೇತಿನಲ್ಲಿ ಕೊರೆದು ಇಳಿಜಾರು ಕೊಟ್ಟು ಸರಿ ಮಾಡಬಹುದು. ದೊಡ್ಡದಿದ್ದರೆ ನೆಕ್ಕಿನ ಗೋಡೆಯೇ ತೆಳು, ಲೋಹವನ್ನು ಎಲ್ಲಿಂದ ತರುವುದು? ವಾಪಸ್ ಕಳಿಸಿದೆವು.

ಫ್ಲ್ಯಾಂಜಿನ ಅಂಚಿನಲ್ಲಿ ಸೈಜ್, ಕ್ಲಾಸ್, ಹೀಟ್ ನಂಬರ್ (ಉಕ್ಕು ಕರಗಿಸಿದ ಬ್ಯಾಚಿನ ನಂಬರ್) ಜೊತೆ ಶೆಡ್ಯೂಲೂ ಪಂಚ್ ಆಗಿರುತ್ತದೆ. ಬಣ್ಣ ಬಳಿದು ಮುಚ್ಚಿದ್ದರೆ ನಾನು ಕೆರೆದು ನೋಡುತ್ತೇನೆ, ಆಮೇಲೆ ವರ್ನಿಯರ್ ಹಾಕುತ್ತೇನೆ. ಪಂಚ್ ನಂಬಿ ಸುಮ್ನೆ ಬಿಡುವುದಿಲ್ಲ.

ಬಾವಿಯ ಬಾಯಿಗೆ ಕೂರುವ ಎಪಿಐ 6ಎ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯ ಮಾನದಂಡ) ಫ್ಲ್ಯಾಂಜಿನ ಲೆಕ್ಕ ಬೇರೆ. ಅಲ್ಲಿ ಹೆಸರೇ ಬೋರ್. 4 1/16 ಇಂಚು ಅಂದರೆ ಒಳಗೆ 103.2 ಮಿ.ಮೀ., ಯಾಕೆಂದರೆ ಬಾವಿಗಿಳಿಯುವ ಸಲಕರಣೆಗಳು ಅದರ ಮೂಲಕವೇ ಹೋಗಬೇಕು. ಅದರ 5000 ಪಿಎಸ್‌ಐ (ಒತ್ತಡದ ಅಳತೆ, ಚದರ ಇಂಚಿಗೆ ಪೌಂಡ್) ಫ್ಲ್ಯಾಂಜು ನಾಲ್ಕಿಂಚಿನ 1500 ಕ್ಲಾಸಿಗೆ ಬೋಲ್ಟ್‌ನಲ್ಲಿ ಕೂರುತ್ತದೆ, ಎರಡಕ್ಕೂ ನಡುವೆ ಸೀಲ್ ಮಾಡುವ ಆರ್ 39 ರಿಂಗೇ. ಅದನ್ನು ನೋಡಿ ಹುಡುಗರು ಖುಷಿಪಡುತ್ತಾರೆ. ಆದರೆ ಎ105 ಉಕ್ಕಿನ 1500 ಕ್ಲಾಸ್ ಸಾಮಾನ್ಯ ತಾಪಮಾನದಲ್ಲಿ ತಡೆಯುವುದು 3705 ಪಿಎಸ್‌ಐ ಮಾತ್ರ. ಆ ಜಾಯಿಂಟಿನ ಹಾಳೆಯಲ್ಲಿ ನಾನು ಬರೆಯುವುದೂ 3705 ಅಂತಲೇ.