ಕೊನಾತಳ ಹಾಗೆ ಹಾಡಲು ಲಘು-ಗುರು: ಅನಿಮೆ ಕರೋಕೆಗೆ ನನ್ನ ತಯಾರಿ

2007ರ ‘ಲಕ್ಕಿ ಸ್ಟಾರ್’ ಎಂಬ ಜಪಾನಿ ಅನಿಮೆ ಸರಣಿಯ ಮೊದಲ ಹನ್ನೆರಡು ಕಂತುಗಳ ಕೊನೆಯಲ್ಲಿ ತೆರೆಯ ಮೇಲೆ ಕಾಣುವುದು ಕರೋಕೆ ಕೋಣೆಯ ಮುಚ್ಚಿದ ಬಾಗಿಲು. ಒಳಗೆ ಕೊನಾತ, ಕಗಾಮಿ ಮತ್ತು ಗೆಳತಿಯರು ಹಳೆಯ ಹಾಡು ಹಾಡುತ್ತಿರುತ್ತಾರೆ. ಆ ಹಾಡುಗಳು ಅದೇ ವರ್ಷ ಆಲ್ಬಮ್ ಆಗಿಯೂ ಬಂದವು. ಕೊನಾತಳಿಗೆ ದನಿ ಕೊಟ್ಟ ಹಿರಾನೊ ಆಯಾ ಪಳಗಿದ ಗಾಯಕಿ. ಆದರೆ ಇಲ್ಲಿ ಹಾಡುವವಳು ಆಕೆಯಲ್ಲ, ಕೊನಾತ. ಸೊಗಸೆಲ್ಲ ಅದರಲ್ಲೇ ಇದೆ. ಮಾಮೂಲಿ ಕ್ಯಾರೆಕ್ಟರ್ ಸಾಂಗ್‌ನಲ್ಲಿ, ಅಂದರೆ ದನಿ ಕೊಟ್ಟವರು ಪಾತ್ರವಾಗಿಯೇ ಹಾಡುವ ಹಾಡಿನಲ್ಲಿ, ಪಾತ್ರ ವೇದಿಕೆ ಮೇಲೆ ನಿಂತಿರುತ್ತದೆ, ಇಲ್ಲಿ ಸೋಫಾ ಮೇಲೆ ಕೂತಿರುತ್ತದೆ.

ಇದನ್ನು ನಾವು ಹಾಡಲು ಹೊರಟರೆ ಮೊದಲು ಶ್ರುತಿಯ ಚಿಂತೆ ಹತ್ತುತ್ತದೆ. ಆದರೆ ಶ್ರುತಿ ತುಸು ಜಾರಿದರೂ ಪಾತ್ರ ಉಳಿಯುತ್ತದೆ. ಮಾತ್ರೆ ಜಾರಿದರೆ ಮುಂದಿನ ಸಾಲು ಸಿಗುವುದೇ ಇಲ್ಲ.

ಹಾಗಾಗಿ ಸಾಹಿತ್ಯವನ್ನು ರೋಮನ್ ಲಿಪಿಯಲ್ಲಿ ಇಟ್ಟುಕೊಳ್ಳುವುದಿಲ್ಲ, ಕನ್ನಡದಲ್ಲೇ ಬರೆದುಕೊಳ್ಳುತ್ತೇನೆ. ಎ-ಏ, ಒ-ಓ ಎರಡೂ ನಮ್ಮಲ್ಲಿರುವುದು ದೊಡ್ಡ ಅನುಕೂಲ. ಬರೆದ ಮೇಲೆ ಶಾಲೆಯಲ್ಲಿ ಷಟ್ಪದಿಗೆ ಹಾಕುತ್ತಿದ್ದಂತೆ ಪ್ರಸ್ತಾರ ಹಾಕುತ್ತೇನೆ. ಜಪಾನಿ ಹಾಡು ಮಾತ್ರೆ ಲೆಕ್ಕದ ಮೇಲೆ ನಡೆಯುತ್ತದೆ, ನಮ್ಮ ಲಘು-ಗುರು ಅದಕ್ಕೆ ಬಹುತೇಕ ಸರಿಹೊಂದುತ್ತದೆ. ‘ಗಕ್ಕೋ’ ಅಂದರೆ ಶಾಲೆ: ಎರಡು ಗುರು, ನಾಲ್ಕು ಮಾತ್ರೆ. ‘ಸೆಂಸೇ’ ಅಂದರೆ ಮೇಷ್ಟ್ರು: ಅದೂ ನಾಲ್ಕು. ಲೆಕ್ಕ ತಪ್ಪುವುದು ಎರಡು ಕಡೆ. ‘ಒಕ್ಯಕು’ ಎಂಬಲ್ಲಿ ನಮ್ಮ ನಿಯಮದಂತೆ ‘ಒ’ ಗುರುವಾಗಬೇಕು, ಜಪಾನಿಯಲ್ಲಿ ಆಗುವುದಿಲ್ಲ. ಒಟ್ಟು ಮೂರೇ ಮಾತ್ರೆ. ‘ಇತ್ಸು’ ಕೂಡ ಎರಡೇ. ಯ-ಒತ್ತು ಬಂದಾಗ, ‘ತ್ಸು’ ಬಂದಾಗ ಹಿಂದಿನ ಅಕ್ಷರವನ್ನು ಲಘುವಾಗಿಯೇ ಬಿಡಬೇಕು.

ಅನುಸ್ವಾರದಲ್ಲಿ ಎಡವುವವರೇ ಹೆಚ್ಚು. ನಾವು ‘ಸೆ’ಯನ್ನು ಎಳೆದು ಕೊನೆಗೆ ಮೂಗು ಮುಟ್ಟಿಸುತ್ತೇವೆ. ಅವರು ಎಷ್ಟೋ ಕಡೆ ಆ ಮೂಗಿನ ದನಿಗೇ ಒಂದು ಸ್ವರ ಕೊಡುತ್ತಾರೆ. ಅಲ್ಲಿ ಬೇಗ ಬಾಯಿ ಮುಚ್ಚಿ, ಗುನುಗುವ ಹಾಗೆ ಸ್ವರ ಹಿಡಿಯಬೇಕು. ಇನ್ನೊಂದು ನಮ್ಮದೇ ರೋಗ: ಪದದ ಮೊದಲ ‘ಎ’ ನಮ್ಮ ಬಾಯಲ್ಲಿ ‘ಯೆ’ ಆಗುತ್ತದೆ, ‘ಒ’ ಹೋಗಿ ‘ವೊ’ ಆಗುತ್ತದೆ. ‘ಎಕಿ’ ಎಂಬ ಸ್ಟೇಷನ್ನು ‘ಯೆಕಿ’ ಆದರೆ ಹಾಡಿದವರು ಯಾವ ಊರಿನವರೆಂದು ತಕ್ಷಣ ತಿಳಿಯುತ್ತದೆ.

ಕರೋಕೆ ಟ್ರ್ಯಾಕಿಗೆ ಹುಡುಕಾಟ ಬೇಕಿಲ್ಲ. ಕ್ಯಾರೆಕ್ಟರ್ ಸಾಂಗ್ ಸಿಂಗಲ್ ಸೀಡಿಗಳಲ್ಲಿ ಸಾಮಾನ್ಯವಾಗಿ ‘ಆಫ್ ವೋಕಲ್’ (ಗಾಯನವಿಲ್ಲದ್ದು) ಎಂದು ಅದೂ ಇರುತ್ತದೆ. ಸೀಡಿಯ ಸ್ಯಾಂಪಲ್ ದರ 44,100 ಹರ್ಟ್ಜ್, ಧ್ವನಿ ಮುದ್ರಿಸಿ ತಿದ್ದುವ ತಂತ್ರಾಂಶ ಆಡಾಸಿಟಿಯ ಪ್ರಾಜೆಕ್ಟ್ ದರವೂ ಅಷ್ಟೇ ಇರಲಿ. ಗಂಡು ದನಿಗೆ ನಾಲ್ಕೈದು ಅರ್ಧಸ್ವರ ಇಳಿಸಬೇಕಾಗುತ್ತದೆ, ಅದಕ್ಕೆ ‘ಚೇಂಜ್ ಪಿಚ್’ ಇದೆ. ಮೂರು ದಾಟಿದರೆ ಡ್ರಮ್ ಮಂಕಾಗುತ್ತದೆ. ಟ್ರ್ಯಾಕಿನಲ್ಲಿ ಕೋರಸ್ ಉಳಿದಿದ್ದರೆ ಆ ಹುಡುಗಿಯರ ದನಿ ರಾಕ್ಷಸರದ್ದಾಗುತ್ತದೆ. ಅಂಥಲ್ಲಿ ಟ್ರ್ಯಾಕನ್ನು ಮೂಲ ಶ್ರುತಿಯಲ್ಲೇ ಬಿಟ್ಟು, ಒಂದು ಸ್ಥಾಯಿ ಕೆಳಗೆ ಹಾಡುವುದೇ ಮೇಲು.

ಇಯರ್‌ಫೋನ್ ತಂತಿಯದ್ದೇ ಇರಬೇಕು. ಬ್ಲೂಟೂತ್‌ನಲ್ಲಿ 200 ಮಿಲಿಸೆಕೆಂಡ್ ತಡವಾಯಿತು ಅನ್ನಿ. ನಿಮಿಷಕ್ಕೆ 150 ಬಡಿತದ ಹಾಡಿನಲ್ಲಿ ಅದು ಅರ್ಧ ಬಡಿತ, ಇಷ್ಟು ಹೊತ್ತು ಹಾಕಿದ ಪ್ರಸ್ತಾರವೆಲ್ಲ ನೀರುಪಾಲು. ಮೈಕಿನ ಮಟ್ಟ ಗಟ್ಟಿಯಾಗಿ ಹಾಡಿದಾಗಲೂ ಮೈನಸ್ 6 ಡೆಸಿಬೆಲ್ ದಾಟದಿರಲಿ. ಕೂತೇ ಹಾಡಿ. ನಿಂತರೆ ಉಸಿರು ಚೆನ್ನಾಗಿ ಬರುತ್ತದೆ, ಆದರೆ ದನಿ ಗಾಯಕರದ್ದಾಗಿಬಿಡುತ್ತದೆ.

ಪಿಚ್ ತಿದ್ದುವ ತಂತ್ರಾಂಶದ ಹತ್ತಿರ ಹೋಗಬೇಡಿ. ಒಡೆದ ಮೇಲಿನ ಸ್ವರ, ನಡುವಿನ ನಗು, ಸಾಲು ಮರೆತಾಗಿನ ‘ಲಾ ಲಾ’ ಎಲ್ಲ ಇರಲಿ. ಬೇಕಾದದ್ದು ಕೋಣೆಯ ಮೊಳಗು: ಆಡಾಸಿಟಿಯ ‘ಎಕೋ’ದಲ್ಲಿ ಡಿಲೇ (ಮರುದನಿಗೆ ಮುಂಚಿನ ತಡ) 0.18 ಸೆಕೆಂಡ್, ಡಿಕೇ (ಮರುದನಿಯ ಗಟ್ಟಿತನ) 0.3. ಡಿಕೇ 0.5 ದಾಟಿಸಿದರೆ ದೇವಸ್ಥಾನದ ಮೈಕು ನೆನಪಾಗುತ್ತದೆ. ಮುಚ್ಚಿದ ಬಾಗಿಲ ಆಚೆಯಿಂದ ಕೇಳಿದಂತಿರಬೇಕಾದರೆ ದನಿ, ಸಂಗೀತ ಎರಡನ್ನೂ ಕೂಡಿಸಿದ ಮೇಲೆ 800 ಹರ್ಟ್ಜ್‌ಗೆ ಲೋ-ಪಾಸ್ ಫಿಲ್ಟರ್ (ಅದಕ್ಕಿಂತ ಮೇಲಿನ ದನಿಯನ್ನು ತಗ್ಗಿಸುವಂಥದ್ದು) ಹಾಕಿ. ಒಂದಕ್ಕೆ ಮಾತ್ರ ಹಾಕಿದರೆ ದನಿ ಒಂದು ಕೋಣೆಯಲ್ಲಿ, ಸಂಗೀತ ಇನ್ನೊಂದರಲ್ಲಿ ಇದ್ದ ಹಾಗೆ ಕೇಳುತ್ತದೆ.

ಯೂಟ್ಯೂಬಿಗೆ ಹಾಕುವ ಮನಸ್ಸಿದ್ದರೆ ಸೀಡಿಯ ಆಫ್ ವೋಕಲ್ ಬಳಸುವಂತಿಲ್ಲ. ಆ ಧ್ವನಿಮುದ್ರಣದ ಹಕ್ಕು ರೆಕಾರ್ಡ್ ಕಂಪನಿಯದ್ದು, ರಚನೆಯ ಹಕ್ಕೇ ಬೇರೆ. ಕೀಬೋರ್ಡೋ ಗಿಟಾರೋ ಹಿಡಿದು ಹಿನ್ನೆಲೆಯನ್ನು ನಾವೇ ನುಡಿಸಿಕೊಳ್ಳಬೇಕು.