ಚೌಡಿಕೆಯ ಶ್ರುತಿಗೆ ವಯಲಿನ್ ಇಳಿಸಿದ್ದು

ಚೌಡಿಕೆ ಅಂದರೆ ಜೋಗತಿಯರು ಮೀಟುವ ಒಂಟಿ ತಂತಿಯ ವಾದ್ಯ. ನಾನು ಅಮ್ಮ ಅಂತ ಕರೆಯುವ ಒಬ್ಬ ಜೋಗತಿಯ ಚೌಡಿಕೆಯ ತಂತಿ ಮುಟ್ಟಿ ನೋಡಿದ ದಿನವೇ, ಅವರ ಜೊತೆ ಒಂದು ಸಂಗೀತ ಕಚೇರಿ ಮಾಡುವ ಆಸೆ ಹುಟ್ಟಿತು. ಕೊಪ್ಪಳದ ಹತ್ತಿರ, ಹುಲಿಗೆಮ್ಮನ ಗುಡಿ ಇರುವ ಹುಲಿಗಿಯಲ್ಲಿ ಒಂದು ಹುಣ್ಣಿಮೆ. ಗುಡಿಯಿಂದ ಹೊಳೆ ಕಡೆ ಹೋಗುವ ದಾರಿಯಲ್ಲಿ ಅವರು ಕುಳಿತು ಪದ ಹೇಳುತ್ತಿದ್ದರು. ಮುಗಿಯುವವರೆಗೆ ಕಾದು, ತಂತಿ ಮುಟ್ಟಬಹುದಾ ಅಂತ ಕೇಳಿದೆ. ಉಕ್ಕಿನದ್ದಲ್ಲ, ಕರುಳಿನ ತಂತಿ. ನನ್ನ ವಯಲಿನ್‌ಗೆ ಕಟ್ಟಿದ್ದೂ ಅದೇ.

ನಾನು ಮೊದಲು ಕಲಿತದ್ದು ಹಿಂದುಸ್ತಾನಿ ವಯಲಿನ್. ಆಮೇಲೆ ಬರೋಕ್ ಸಂಗೀತದ ಬೆನ್ನು ಹತ್ತಿದೆ. ಯುರೋಪಿನಲ್ಲಿ ಸುಮಾರು 1600ರಿಂದ 1750ರವರೆಗೆ ಬೆಳೆದ ಸಂಗೀತ ಇದು. ಆಗಿನ ವಯಲಿನ್‌ಗೆ ಕುರಿಯ ಕರುಳು ಹೊಸೆದು ಮಾಡಿದ ತಂತಿ. ಕಮಾನು ಗಿಡ್ಡ, ಬೆನ್ನು ಸ್ವಲ್ಪ ಹೊರಕ್ಕೆ ಬಾಗಿದ್ದು. ಗದ್ದ ಊರಲು ಪಟ್ಟಿ ಇರುವುದಿಲ್ಲ. ದನಿ ಈಗಿನ ವಯಲಿನ್‌ಗಿಂತ ಸಣ್ಣದು, ಒಂಚೂರು ಒರಟು. ಮನುಷ್ಯರ ಗಂಟಲಿಗೆ ಹತ್ತಿರ ಅಂತ ನನಗೆ ಅನ್ನಿಸುತ್ತದೆ.

ಚೌಡಿಕೆ ನೋಡದವರಿಗೆ ಒಂದು ಮಾತು. ಟೊಳ್ಳು ಮರದ ಕೊಳಗದಂಥ ಒಡಲು. ಒಂದು ಬಾಯಿಗೆ ಚರ್ಮ ಬಿಗಿದಿರುತ್ತಾರೆ. ಆ ಚರ್ಮದ ನಟ್ಟನಡುವಿಂದ ಒಂದೇ ತಂತಿ ಒಡಲೊಳಗೆ ಹಾದು ಈಚೆ ಬರುತ್ತದೆ. ಅದರ ತುದಿಗೆ ಒಂದು ಹಿಡಿ. ಒಡಲನ್ನು ಕಂಕುಳಲ್ಲಿ ಅವುಚಿಕೊಂಡು, ಒಂದು ಕೈಯಲ್ಲಿ ಹಿಡಿಯನ್ನು ಎಳೆದು ಹಿಡಿದು, ಇನ್ನೊಂದು ಕೈಯ ಕಡ್ಡಿಯಿಂದ ಮೀಟುತ್ತಾರೆ. ಎಳೆದರೆ ಸ್ವರ ಏರುತ್ತದೆ, ಸಡಿಲ ಬಿಟ್ಟರೆ ಇಳಿಯುತ್ತದೆ. ಮನೆ ಇಲ್ಲ, ಮೆಟ್ಟು ಇಲ್ಲ. ಸ್ವರ ಎಲ್ಲಿದೆ ಅನ್ನುವುದು ಪೂರ್ತಿ ಆ ಮಣಿಕಟ್ಟಿಗೆ ಗೊತ್ತು. ಇನ್ನೊಂದು ವಿಶೇಷ ಇದೆ. ತಂತಿ ಚರ್ಮಕ್ಕೆ ನೇರವಾಗಿ ನಿಂತಿರುವುದರಿಂದ, ಅದು ಬಲಕ್ಕೆ ತೂಗಿದಾಗ ಒಂದು ಸಲ, ಎಡಕ್ಕೆ ತೂಗಿದಾಗ ಇನ್ನೊಂದು ಸಲ ಚರ್ಮವನ್ನು ಜಗ್ಗುತ್ತದೆ. ತಂತಿಯ ಒಂದು ತೂಗಿಗೆ ಚರ್ಮದ್ದು ಎರಡು. ಹಾಗಾಗಿ ಚರ್ಮದಿಂದ ಬರುವ ದನಿ ಒಂದು ಸಪ್ತಕ ಮೇಲೆ ಕೇಳುತ್ತದೆ. ಅಷ್ಟು ದಪ್ಪ ತಂತಿಯಿಂದ ಅಂಥ ಚುರುಕು ದನಿ ಬರುವುದು ಹೀಗೆ.

ಮೊದಲ ತಾಲೀಮು ನನ್ನ ಮನೆಯಲ್ಲಿ. ನಾನು ಮೊಬೈಲ್‌ನ ಟ್ಯೂನರ್ ಇಟ್ಟುಕೊಂಡು, ಈಗಿನ ಲೆಕ್ಕದ 440ಕ್ಕೆ, ಅಂದರೆ ಎ ಸ್ವರ ಸೆಕೆಂಡಿಗೆ 440 ಸಲ ಕಂಪಿಸುವ ಹಾಗೆ, ಶ್ರುತಿ ಮಾಡಿ ಕುಳಿತಿದ್ದೆ. ವಯಲಿನ್‌ನ ಎಲ್ಲಕ್ಕಿಂತ ದಪ್ಪ ತಂತಿಯಾದ ಜಿ ತಂತಿಯೇ ಷಡ್ಜ, ಅಂದರೆ ಹಾರ್ಮೋನಿಯಂ ಪೆಟ್ಟಿಗೆಯ ಬಿಳಿ ಐದು. ಅಮ್ಮ ಅದಕ್ಕೆ ಚೌಡಿಕೆ ಎಳೆದು ಹಾಡಿದರು. ಎರಡು ಪದ ಆಗುವಷ್ಟರಲ್ಲಿ ಕುತ್ತಿಗೆಯ ನರ ಉಬ್ಬಿತ್ತು. ಅವರು ಏನೂ ಅನ್ನಲಿಲ್ಲ, ನೀರು ಕುಡಿದರು ಅಷ್ಟೇ. ಟ್ಯೂನರ್ ತೆಗೆದಿಟ್ಟು, ನಿಮ್ಮ ದನಿ ಎಲ್ಲಿ ಕೂಡುತ್ತೋ ಅಲ್ಲಿ ಹಾಡಿ ಅಂದೆ. ಅವರು ಹಾಡಿದ್ದು ಕಾಳಿ ಮೂರಕ್ಕೆ, ಅಂದರೆ ಬಿಳಿ ಐದಕ್ಕಿಂತ ಅರ್ಧ ಸ್ವರ ಕೆಳಗಿನ ಕರಿ ಮನೆಗೆ. ನನಗೆ ಮೈ ಜುಮ್ಮೆಂದಿತು. ಬರೋಕ್ ನುಡಿಸುವವರು ಇವತ್ತು ಸಾಮಾನ್ಯವಾಗಿ ಇಟ್ಟುಕೊಳ್ಳುವ ಶ್ರುತಿ 415. ಅದು 440ಕ್ಕಿಂತ ಅರ್ಧ ಸ್ವರ ಕೆಳಗೆ. ಆ ಶ್ರುತಿಯ ಜಿ ಅಂದರೆ ಪೆಟ್ಟಿಗೆಯ ಕಾಳಿ ಮೂರೇ! ನನ್ನ ವಯಲಿನ್ ಇರಬೇಕಾದ ಜಾಗದಲ್ಲೇ ಅಮ್ಮ ಹಾಡುತ್ತಿದ್ದರು. ಅವತ್ತಿನಿಂದ ಟ್ಯೂನರ್ ಮುಟ್ಟಲಿಲ್ಲ. ಅವರು ಮೀಟಿದ ಮೇಲೆ ನಾನು ಬಿರಡೆ ತಿರುಗಿಸುವುದು ಅಂತಾಯಿತು.

ಏನು ನುಡಿಸಬೇಕು ಅನ್ನುವುದು ನನಗೆ ಮೊದಲೇ ಗೊತ್ತಿತ್ತು. ಬೀಬರ್ ಅಂತ ಒಬ್ಬ ಸಂಯೋಜಕರು, 1644ರಲ್ಲಿ ಬೊಹೀಮಿಯಾದಲ್ಲಿ ಹುಟ್ಟಿ ಸಾಲ್ಜ್‌ಬರ್ಗ್‌ನಲ್ಲಿ ಬಾಳಿದವರು. ಕ್ರೈಸ್ತರ ಜಪಮಾಲೆಯ ಹದಿನೈದು ರಹಸ್ಯಗಳಿಗೆ ಹದಿನೈದು ಸೊನಾಟಾ ಬರೆದು, ಕೊನೆಗೆ ಒಂಟಿ ವಯಲಿನ್‌ಗೆ ಒಂದು ಪಾಸಕಾಲಿಯಾ ಇಟ್ಟಿದ್ದಾರೆ. ಹಸ್ತಪ್ರತಿಯಲ್ಲಿ ಅದರ ಮೇಲೆ ಮಗುವಿನ ಕೈ ಹಿಡಿದು ನಡೆಸುವ ದೇವದೂತನ ಚಿತ್ರ ಇದೆ. ಪಾಸಕಾಲಿಯಾದಲ್ಲಿ ನಾಲ್ಕೇ ಸ್ವರ ಇಳಿಯುತ್ತವೆ: ಸಾ, ಕೋಮಲ ನಿ, ಕೋಮಲ ಧ, ಪ. ಮತ್ತೆ ಸಾ. ಹೀಗೆ 65 ಸಲ. ಆ ನಾಲ್ಕು ಸ್ವರದ ಮೇಲೆ ಉಳಿದದ್ದೆಲ್ಲ ಬೆಳೆಯುತ್ತ ಹೋಗುತ್ತದೆ. ಒಂಟಿ ವಯಲಿನ್‌ನಲ್ಲಿ ಇವೆರಡನ್ನೂ ಒಬ್ಬರೇ ಹೊರಬೇಕು. ಆ ನಾಲ್ಕು ಸ್ವರವನ್ನು ಚೌಡಿಕೆಗೆ ಕೊಟ್ಟರೆ ಹೇಗೆ ಅಂತ ನನ್ನ ಯೋಚನೆ. ಎಳೆದ ಹಿಡಿಯನ್ನು ಮೂರು ಹಂತದಲ್ಲಿ ಸಡಿಲಿಸಿದರೆ ಆಯಿತಲ್ವಾ?

ಅಮ್ಮನಿಗೆ ಸ್ವರ ಹಿಡಿಯಲು ಹತ್ತು ನಿಮಿಷವೂ ಬೇಕಾಗಲಿಲ್ಲ. ಅವರ ಧ ಮಾತ್ರ ನನ್ನದಕ್ಕಿಂತ ಕೂದಲೆಳೆ ತಗ್ಗು. ನಾನು ನನ್ನ ಬೆರಳು ಸರಿಸಿಕೊಂಡೆ. ಕಷ್ಟ ಬಂದದ್ದು ಲೆಕ್ಕದ್ದು. ಹಾಳೆಯ ಮೇಲೆ 65 ಗೀಟು ಎಳೆದು ಮುಂದಿಟ್ಟೆ. ಅವರು ಮೂರು ದಿನ ನೋಡಿದರು, ನಾಲ್ಕನೇ ದಿನ ಮಡಚಿ ಪಕ್ಕಕ್ಕಿಟ್ಟರು. “ನಾ ಹಿಮ್ಮೇಳ ಅದೀನಿ. ನೀವು ಕಥಿ ಹೇಳ್ರಿ. ಕಥಿ ಮುಗಿಯೂದು ನನಗ ಗೊತ್ತಾಕ್ಕೈತಿ” ಅಂದರು. ಚೌಡಿಕೆ ಪದದಲ್ಲಿ ಮುಂದಾಳು ಕಥೆ ಬೆಳೆಸುತ್ತಾರೆ, ಹಿಮ್ಮೇಳ ಅದೇ ಸೊಲ್ಲನ್ನು ಮತ್ತೆ ಮತ್ತೆ ಎತ್ತಿಕೊಡುತ್ತದೆ. ಅವರು ಪಾಸಕಾಲಿಯಾವನ್ನು ಹಾಗೆ ಅರ್ಥ ಮಾಡಿಕೊಂಡಿದ್ದರು. ಪುಸ್ತಕ ಓದಿ ನಾನು ಮಾಡಿಕೊಂಡ ಅರ್ಥಕ್ಕಿಂತ ಅದು ಹೆಚ್ಚು ಸರಿ. ಅಲ್ಲಿಂದ ನನ್ನ ನುಡಿಕೆಯೇ ಬದಲಾಯಿತು. ಓಟದ ಜಾಗಗಳಲ್ಲಿ ಅವಸರ ಬಿಟ್ಟೆ. ಒಂದೊಂದು ಸುತ್ತನ್ನೂ ಮಾತಿನ ಹಾಗೆ ಮುಗಿಸಿ, ಅವರ ಸಾ ಕೇಳಿದ ಮೇಲೇ ಮುಂದಿನದ್ದಕ್ಕೆ ಹೋದೆ.

ಜಾಗ ಹುಡುಕಲು ಜಾಸ್ತಿ ತಿರುಗಲಿಲ್ಲ. ಕೊಪ್ಪಳದಲ್ಲೇ ಎಂಬತ್ತು ಕುರ್ಚಿ ಹಿಡಿಸುವ, ತಗಡಿನ ಚಾವಣಿಯ ಒಂದು ಸಣ್ಣ ಸಭಾಂಗಣ. ಕರುಳಿನ ತಂತಿಗೆ ಮೈಕ್ ಇಟ್ಟರೆ ಅದರ ಒರಟುತನವೇ ಹೋಗಿಬಿಡುತ್ತದೆ, ಅದಕ್ಕೇ ಮೈಕ್ ಬೇಡ ಅಂದೆ. ಕರಪತ್ರದಲ್ಲಿ ಅಮ್ಮನ ಹೆಸರು ಮೊದಲು, ಬಂದ ಹಣ ಸಮಪಾಲು. ಮಂಜಮ್ಮ ಜೋಗತಿ ಅವರಿಗೆ 2021ರಲ್ಲಿ ಪದ್ಮಶ್ರೀ ಬಂದ ಮೇಲೆ ಜೋಗತಿಯರ ಕಲೆಗೆ ಮರ್ಯಾದೆ ಹೆಚ್ಚಿದೆ, ನಿಜ. ಆದರೂ ಐದು ನಿಮಿಷ ಹಾಡಿಸಿ, ಶಾಲು ಹೊದಿಸಿ, ಫೋಟೋ ತೆಗೆದು ಕಳಿಸುವ ಕಾರ್ಯಕ್ರಮಗಳನ್ನು ನಾನು ಇನ್ನೂ ನೋಡುತ್ತಿದ್ದೇನೆ. ಅದು ನನಗೆ ಬೇಸರ ತರುತ್ತದೆ.

ಕಚೇರಿಯ ದಿನ ಮೊದಲು ನಾನೊಬ್ಬನೇ, ಟೆಲಿಮನ್ ಎಂಬ ಜರ್ಮನ್ ಸಂಯೋಜಕರು 1735ರಲ್ಲಿ ಬರೆದ ಹನ್ನೆರಡು ಫ್ಯಾಂಟಸಿಗಳಲ್ಲಿ ಒಂದನ್ನು ನುಡಿಸಿದೆ. ಅದು ಮುಗಿಯುವಾಗಲೇ ಮಳೆ ಹಿಡಿಯಿತು. ತಗಡಿನ ಮೇಲೆ ಬಿದ್ದ ಮಳೆಗೆ ಪಕ್ಕದವರ ಮಾತೂ ಕೇಳುತ್ತಿರಲಿಲ್ಲ. ಇಪ್ಪತ್ತು ನಿಮಿಷ ಎಲ್ಲರೂ ಸುಮ್ನೆ ಕುಳಿತೆವು. ಮಳೆ ನಿಂತ ಮೇಲೆ ನೋಡಿದರೆ ಶ್ರುತಿ ಎರಡು ದಿಕ್ಕಿಗೆ ಓಡಿತ್ತು. ತೇವಕ್ಕೆ ನನ್ನ ತಂತಿ ಉಬ್ಬಿ ಬಿಗಿದು ಮೇಲೇರಿತ್ತು. ಚೌಡಿಕೆಯ ಚರ್ಮ ಮೆತ್ತಗಾಗಿ ದನಿ ಬಿದ್ದಿತ್ತು.

ಹಿಂದಿನ ಕೋಣೆಯಲ್ಲಿ ಚಹಾ ಕಾಯಿಸುವ ಗ್ಯಾಸ್ ಒಲೆ ಇತ್ತು. ಅಮ್ಮ ಒಲೆಯನ್ನು ಸಣ್ಣ ಮಾಡಿಸಿ, ಮೊಳದಷ್ಟು ದೂರದಲ್ಲಿ ಚರ್ಮದ ಬದಿ ಹಿಡಿದು, ಮಗುವಿನ ಬೆನ್ನು ಕಾಸುವ ಹಾಗೆ ನಿಧಾನಕ್ಕೆ ತಿರುಗಿಸುತ್ತಿದ್ದರು. ನಡುನಡುವೆ ಅಂಗೈಯಿಂದ ಚರ್ಮ ಸವರುವುದು, ಬೆರಳಿಂದ ತಟ್ಟಿ ಕಿವಿಗೊಡುವುದು. ಮೊದಲು ಬದ್ ಬದ್ ಅನ್ನುತ್ತಿದ್ದದ್ದು ಬರಬರುತ್ತ ಟಣ್ ಅಂದಿತು. ಆಮೇಲೆ ಮೀಟಿದರು. ನಾನು ಅದಕ್ಕೆ ನಾಲ್ಕೂ ತಂತಿ ಇಳಿಸಿದೆ.

ಪಾಸಕಾಲಿಯಾ ಶುರುವಾದಾಗ ನಾನು ಜನರ ಕಡೆ ನೋಡಲಿಲ್ಲ, ಅವರ ಮಣಿಕಟ್ಟು ನೋಡುತ್ತಿದ್ದೆ. ಎಲ್ಲೋ ನಡುವಿನಲ್ಲಿ ಅಮ್ಮ ನಿ ಮತ್ತು ಧ ನಡುವೆ ಒಂದು ಜಾರು ಸೇರಿಸಿದರು. ತಾಲೀಮಿನಲ್ಲಿ ಅದು ಇರಲಿಲ್ಲ. ನಾನೂ ಕಮಾನು ಹಗುರ ಮಾಡಿ ಆ ಜಾರಿಗೆ ಜಾಗ ಬಿಟ್ಟೆ. ಕೊನೆಯ ಸುತ್ತಿಗೆ ನಾನು ತಲೆಯಾಡಿಸುವ ಮೊದಲೇ ಅವರ ಕಡ್ಡಿ ನಿಧಾನವಾಗಿತ್ತು.

ದ್ವಿತೀಯಾರ್ಧ ಪೂರ್ತಿ ಅವರದ್ದು. ರೇಣುಕೆ ಹೊಳೆಗೆ ಹೋಗಿ ಮರಳಿನಲ್ಲಿ ಕೊಡ ಮಾಡಿ, ಹಾವನ್ನು ಸಿಂಬಿ ಮಾಡಿ ನೀರು ತರುವ ಪದ. ನಾನು ಸಾ ಪ ತಂತಿಗಳನ್ನು ಒಟ್ಟಿಗೆ ಎಳೆದು, ಸೊಲ್ಲು ಬಂದಾಗ ಹಿಮ್ಮೇಳ ಎತ್ತಿಕೊಟ್ಟೆ. ಬಾಗಿದ ಕಮಾನಿನಲ್ಲಿ ಸ್ವರ ಸಣ್ಣಗೆ ಹುಟ್ಟಿ, ನಡುವೆ ತುಂಬಿಕೊಂಡು, ಮತ್ತೆ ಕರಗುತ್ತದೆ. ಅವರ ಉಸಿರು ಎಳೆಯುವ ಜಾಗಕ್ಕೆ ಅದು ಸರಿಯಾಗಿ ಕೂಡಿತು. ಕೊಡ ಒಡೆಯುವ ಸಾಲು ಬಂದಾಗ ಹಿಂದಿನ ಸಾಲಿನಿಂದ ಯಾರೋ “ಉಧೋ ಉಧೋ” ಅಂದರು, ಉಳಿದವರೂ ದನಿಗೂಡಿಸಿದರು.

ರಾತ್ರಿ ಅವರನ್ನು ಬಸ್ಸಿಗೆ ಬಿಡಲು ಹೋದೆ. ಕಿಟಕಿ ಪಕ್ಕ ಕುಳಿತು, ಚೌಡಿಕೆಯನ್ನು ತೊಡೆ ಮೇಲಿಟ್ಟುಕೊಂಡು, ಅಮ್ಮ ಆ ನಾಲ್ಕು ಸ್ವರವನ್ನೇ ಗುನುಗುತ್ತಿದ್ದರು. ಆದರೆ ಈಗ ಅದಕ್ಕೆ ಹುಲಿಗೆಮ್ಮನ ಹೆಸರು ಸೇರಿತ್ತು. “ಹುಣ್ಣಿಮಿಗೆ ಬರ್ರಿ, ಅಲ್ಲಿ ಬಾರಿಸೂಣು” ಅಂದರು. ಗುಡಿಯ ಗದ್ದಲದಲ್ಲಿ ನನ್ನ ವಯಲಿನ್ ಕೇಳಬೇಕಾದರೆ ಇನ್ನೂ ದಪ್ಪ ಜಿ ತಂತಿ ಬೇಕು. ಹುಡುಕುತ್ತಿದ್ದೇನೆ.